ಕೊಟ್ಟು ಕಸಿದುಕೊಂಡ ಸೌಕರ್ಯ

ಇಲ್ಲದ ಸೌಕರ್ಯಕ್ಕಾಗಿ ಯಾರೂ ಅಷ್ಟಾಗಿ ದುಃಖಿಸುವುದಿಲ್ಲ. ಇದ್ದ ಸೌಕರ್ಯವು ತಪ್ಪಿದಾಗ ಮಾತ್ರ ಮನುಷ್ಯನ ಕೋಪವು ಮೇರೆ ಮೀರುತ್ತದೆ. ಬೀದಿಯಲ್ಲಿ ನಲ್ಲಿಯೇ ಇಲ್ಲದಿದ್ದ ಕಾಲದಲ್ಲಿ ನಮ್ಮ ಮನೆಯ ಹೆಂಗಸರು ಬಾವಿಯಿಂದ ಹತ್ತು ಕೊಡ ನೀರನ್ನು ಸೇದಿ, ಹೊತ್ತು ತಂದು, ಅಡಿಗೆಗೆ ತೊಡಗುತ್ತಿದ್ದರು. ಈಗ ಒಂದು ದಿನ ನಲ್ಲಿಯ ನೀರು ನಿಂತರೆ ಪುರಸಭೆಯವರಿಗೆ ಶಾಪ ತಪ್ಪಿದ್ದಲ್ಲ. ಇದು ಲೋಕಸ್ವಭಾವ, ಇದನ್ನು ನಾವು ಹಳಿಯಲಾರೆವು. ಆದರೆ ತಪ್ಪಿಹೋದ ಸೌಕರ್ಯವೆಲ್ಲವೂ ನಮಗೆ ಆದ ಅನ್ಯಾಯವೇ ಎಂಬುದು ಮಾತ್ರ ವಿಚಾರ ಮಾಡಬೇಕಾದ ವಿಷಯ. ನಮಗೆ ಈ ವಿಚಾರವನ್ನು ಕಲಿಸಿದುದು ಯಾವ ಗ್ರಂಥವೂ ಅಲ್ಲ; ಅಂಗೈಯಲ್ಲಿ ಹಿಡಿಯುವ ಮೊಬೈಲು.

2018ನೆಯ ಇಸವಿಯ ಜುಲೈ ತಿಂಗಳ ಕೊನೆಯ ದಿನ ಕಡೂರಿನಲ್ಲಿ ನಮ್ಮ ಸಹೋದ್ಯೋಗಿಯೊಬ್ಬರಿಗೆ ಬೀಳ್ಕೊಡುಗೆ ಏರ್ಪಟ್ಟಿತ್ತು. ಆಗ ನಾವಿನ್ನೂ ಸೇವೆಯಲ್ಲಿದ್ದೆವು. ಆಷಾಢದ ಗಾಳಿಯು ಶಾಮಿಯಾನವನ್ನು ಹಾರಿಸಿಕೊಂಡು ಹೋಗುವಂತೆ ಬೀಸುತ್ತಿದ್ದಿತು. ತರೀಕೆರೆಯಿಂದಲೂ ಅಜ್ಜಂಪುರದಿಂದಲೂ ಉಪಾಧ್ಯಾಯರು ಬಂದಿದ್ದರು. ಊಟದ ಪಂಕ್ತಿಯಲ್ಲಿ ಮಾತು ಎದ್ದಿತು. ಆದರೆ ಅದು ಸಂಬಳದ ಮಾತಲ್ಲ, ವರ್ಗಾವಣೆಯ ಮಾತೂ ಅಲ್ಲ. ವಾಟ್ಸಾಪಿನಲ್ಲಿ ಚಿತ್ರದ ಪಕ್ಕದಲ್ಲಿದ್ದ ಬಾಣದ ಗುರುತಿನ ಗುಂಡಿಯು ಮಾಯವಾಗಿದೆ, ಬಂದ ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚಾಗಿ ಕಳುಹಿಸಲು ಆಗುತ್ತಿಲ್ಲ ಎಂಬುದೇ ಎಲ್ಲರ ದೂರು.

ತರೀಕೆರೆಯ ನಮ್ಮ ಮಿತ್ರರು ಪ್ರತಿದಿನ ಬೆಳಗ್ಗೆ ಸ್ನಾನವಾದೊಡನೆ ಸುಭಾಷಿತದ ಚಿತ್ರವೊಂದನ್ನು ಅರವತ್ತು ಮಂದಿ ಬಂಧುಗಳಿಗೂ ಹಳೆಯ ಶಿಷ್ಯರಿಗೂ ಕಳುಹಿಸುವ ವ್ರತವನ್ನಿಟ್ಟುಕೊಂಡಿದ್ದವರು. "ಒಂದು ನಿಮಿಷದ ಕೆಲಸಕ್ಕೆ ಈಗ ಕಾಲು ಗಂಟೆ ಹಿಡಿಯುತ್ತದೆ, ಸ್ವಾಮಿ. ಒಳ್ಳೆಯ ಮಾತನ್ನು ಹಂಚುವುದಕ್ಕೂ ಲೆಕ್ಕವೇ?" ಎಂದು ಅವರು ಕೇಳಿದರು. ಕಡೂರಿನ ಮತ್ತೊಬ್ಬರು ತೆಂಗಿನ ತೋಟವುಳ್ಳವರು. ತಿಪಟೂರು ಮಾರುಕಟ್ಟೆಯ ಕೊಬ್ಬರಿ ಧಾರಣೆ ತಮಗೆ ಬಂದೊಡನೆ ಸುತ್ತಲಿನ ರೈತರಿಗೆಲ್ಲ ಮುಟ್ಟಿಸುತ್ತಿದ್ದರು. ಅವರಿಗೂ ಅಸಮಾಧಾನ. ಅಜ್ಜಂಪುರದಿಂದ ಬಂದಿದ್ದ ಉಪಾಧ್ಯಾಯಿನಿಯವರು, "ಪರೀಕ್ಷೆಯ ವೇಳಾಪಟ್ಟಿಯನ್ನು ತಂದೆತಾಯಿಗಳಿಗೆ ಕಳುಹಿಸುವಷ್ಟರಲ್ಲಿ ಬೆರಳು ನೋಯುತ್ತದೆ. ಯಾರೋ ಕೆಟ್ಟವರು ಮಾಡಿದ ತಪ್ಪಿಗೆ ನಮಗೇಕೆ ಶಿಕ್ಷೆ?" ಎಂದರು. ಪಂಕ್ತಿಯಲ್ಲಿದ್ದವರೆಲ್ಲರೂ ತಲೆದೂಗಿದರು. ನಾವು ಮಾತ್ರ ಎಲೆಯ ಕಡೆಗೆ ನೋಡುತ್ತ ಸುಮ್ಮನಿದ್ದೆವು. ಸುಮ್ಮನಿದ್ದುದಕ್ಕೆ ಕಾರಣವನ್ನು ಮುಂದೆ ಅರಿಕೆಮಾಡಿಕೊಳ್ಳುವೆವು. ಮೊದಲು ಆ ಗುಂಡಿಯನ್ನು ಏಕೆ ತೆಗೆದರೆಂಬುದನ್ನು ವಾಚಕರಿಗೆ ತಿಳಿಸುವುದು ಉಚಿತ.

ಆ ವರ್ಷದ ಬೇಸಗೆಯಲ್ಲಿ ಮಕ್ಕಳ ಕಳ್ಳರ ಸುದ್ದಿಯು ದೇಶದಲ್ಲೆಲ್ಲ ಹಬ್ಬಿದ್ದಿತು. ಮೋಟಾರು ಸೈಕಲಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವೀಡಿಯೊ ಒಂದು ಮನೆಮನೆಯ ಮೊಬೈಲಿಗೂ ಬಂದಿತು. ನಿಜಾಂಶವೇನೆಂದರೆ, ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಗಾಗಿ ದುಡಿಯುವ ಸಂಸ್ಥೆಯೊಂದು ಜನರನ್ನು ಎಚ್ಚರಿಸುವುದಕ್ಕಾಗಿ ತಯಾರಿಸಿದ ಚಿತ್ರ. ಮೂಲದಲ್ಲಿ ಆ ಸವಾರರೇ ಮಗುವನ್ನು ಮರಳಿ ತಂದು ಇಳಿಸಿ, ಮಕ್ಕಳ ಮೇಲೆ ಕಣ್ಣಿಡಿರೆಂಬ ಫಲಕವನ್ನು ತೋರಿಸುತ್ತಾರೆ. ಯಾವನೋ ಪುಣ್ಯಾತ್ಮನು ಆ ಕೊನೆಯ ಭಾಗವನ್ನು ಕತ್ತರಿಸಿ ಎಸೆದನು. ಉಳಿದ ಭಾಗವು ಅಮೃತವಾಗಿದ್ದುದು ವಿಷವಾಗಿ ಊರೂರು ತಿರುಗಿತು.

ಫಲವು ಘೋರವಾಯಿತು. 2018ರ ಮೇ ತಿಂಗಳಿನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಜನರು ಹೊಡೆದು ಕೊಂದರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ಒಂದು ಹಳ್ಳಿಯಲ್ಲಿ ಐದು ಮಂದಿ ಸತ್ತರು. ಜುಲೈ 13ರಂದು ನಮ್ಮ ಬೀದರ್ ಜಿಲ್ಲೆಯ ಮುರ್ಕಿ ಎಂಬಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರನೊಬ್ಬನು ಹತನಾದನು. ಸ್ನೇಹಿತರೊಡನೆ ಕಾರಿನಲ್ಲಿ ಬಂದಿದ್ದ ಆತನ ಗುಂಪಿನವರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದರು, ಅಪರಾಧವೆಂದರೆ ಇಷ್ಟೇ. ಕಾರು ಹೊರಟಿತು, ಅದಕ್ಕಿಂತ ವೇಗವಾಗಿ ಅವರ ಚಿತ್ರವೂ ಸುಳ್ಳು ಸುದ್ದಿಯೂ ಮುಂದಿನ ಊರಿಗೆ ಹೋದುವು. ಅಲ್ಲಿ ರಸ್ತೆಗೆ ಅಡ್ಡ ಕಟ್ಟಿದ ಜನರು ಕಾದಿದ್ದರು. ಬಿಡಿಸಲು ಹೋದ ಪೋಲೀಸರಿಗೂ ಪೆಟ್ಟುಬಿದ್ದಿತು.

ಕೇಂದ್ರ ಸರ್ಕಾರವು ಅದೇ ಜುಲೈ ತಿಂಗಳಿನಲ್ಲಿ ಎರಡು ಬಾರಿ ಕಂಪನಿಗೆ ಎಚ್ಚರಿಕೆ ಕೊಟ್ಟಿತು. ಜುಲೈ 10ರಂದು, ಸಂದೇಶವು ಕಳುಹಿಸಿದವನ ಸ್ವಂತ ಮಾತಲ್ಲದೆ ಬೇರೆ ಕಡೆಯಿಂದ ಬಂದುದಾದರೆ ಅದರ ಮೇಲೆ 'ಫಾರ್ವರ್ಡ್' ಎಂಬ ಗುರುತು ಕಾಣುವಂತೆ ಮಾಡಲಾಯಿತು. ಮುರ್ಕಿಯ ಘಟನೆಯಾದ ಒಂದು ವಾರದೊಳಗೆ ಎರಡನೆಯ ಕ್ರಮವು ಹೊರಬಿದ್ದಿತು. ಪ್ರಪಂಚದ ಬೇರಾವ ದೇಶಕ್ಕಿಂತಲೂ ಹೆಚ್ಚಾಗಿ ಸಂದೇಶಗಳನ್ನೂ ಚಿತ್ರಗಳನ್ನೂ ಮುಂದಕ್ಕೆ ಸಾಗಿಸುವವರು ಭಾರತೀಯರೆಂದು ಕಂಪನಿಯು ಹೇಳಿ, ಇಲ್ಲಿ ಮಾತ್ರ ಒಂದು ಸಲಕ್ಕೆ ಐದು ಕಡೆ ಎಂಬ ಮಿತಿಯನ್ನು ವಿಧಿಸಿ, ಚಿತ್ರಗಳ ಪಕ್ಕದ ಆ ಗುಂಡಿಯನ್ನು ತೆಗೆದುಹಾಕಿತು. ಅನ್ಯದೇಶಗಳಿಗೆ ಮಿತಿಯು 20 ಇದ್ದಿತು. 2019ರ ಜನವರಿಯಿಂದ ಅವರಿಗೂ ಐದೇ ಆಯಿತು.

ಸಂದೇಶವನ್ನೇ ಓದಿ ಸುಳ್ಳನ್ನು ಮಾತ್ರ ತಡೆಯಬಾರದೇ ಎಂದು ಕೆಲವರು ಕೇಳಬಹುದು. ಅದು ಸಾಧ್ಯವಿಲ್ಲ. 2016ರಿಂದ ವಾಟ್ಸಾಪಿನ ಸಂದೇಶಗಳು ಅರಗು ಒತ್ತಿದ ಲಕೋಟೆಯಂತೆ. ಬರೆದವನೂ ಪಡೆದವನೂ ಹೊರತು ನಡುವಿನ ಅಂಚೆಯವನು ಓದಲಾರನು. ಲಕೋಟೆಯೊಳಗೆ ಸುಭಾಷಿತವಿದೆಯೋ ವಿಷವಿದೆಯೋ ಅವನಿಗೆ ತಿಳಿಯದು. ಎಷ್ಟು ಲಕೋಟೆಗಳನ್ನು ಒಟ್ಟಿಗೆ ಹಾಕಬಹುದೆಂಬುದನ್ನು ಮಾತ್ರ ಅವನು ಗೊತ್ತುಮಾಡಬಲ್ಲನು. ಆದುದರಿಂದಲೇ ನಮ್ಮ ತರೀಕೆರೆಯ ಮಿತ್ರರ ಸುಭಾಷಿತಕ್ಕೂ ಆ ಕತ್ತರಿಸಿದ ವೀಡಿಯೊಗೂ ಒಂದೇ ಕಟ್ಟಳೆಯಾಯಿತು.

ಐದಕ್ಕೂ ಇಪ್ಪತ್ತಕ್ಕೂ ಏನು ಮಹಾ ಭೇದ ಎನ್ನುವವರು ಲೆಕ್ಕ ಹಾಕಿ ನೋಡಲಿ. ಒಬ್ಬನು ಐವರಿಗೆ, ಆ ಐವರಲ್ಲಿ ಪ್ರತಿಯೊಬ್ಬನೂ ಬೇರೆ ಐವರಿಗೆ, ಹೀಗೆ ಕಳುಹಿಸುತ್ತ ಹೋದರೆ ಐದನೆಯ ಸುತ್ತಿನಲ್ಲಿ 3125 ಮಂದಿಗೆ ಸುದ್ದಿ ಮುಟ್ಟುತ್ತದೆ. ಇಪ್ಪತ್ತರ ಲೆಕ್ಕದಲ್ಲಿ ಅದೇ ಐದನೆಯ ಸುತ್ತಿಗೆ 32 ಲಕ್ಷ! ಆದರೆ ಈ ಕಟ್ಟಳೆಯು ಪೂರ್ಣವೆಂದು ನಾವು ಹೇಳುವುದಿಲ್ಲ. ಐದು ಕಡೆ ಎಂದರೆ ಐವರು ವ್ಯಕ್ತಿಗಳೇ ಆಗಬೇಕೆಂದಿರಲಿಲ್ಲ, ಐದು ಗ್ರೂಪುಗಳೂ ಆಗಬಹುದಾಗಿದ್ದಿತು. ಆಗ ಒಂದೊಂದು ಗ್ರೂಪಿನಲ್ಲಿ 256 ಮಂದಿಯವರೆಗೆ ಇರಲು ಅವಕಾಶವಿದ್ದಿತು. ಒಂದೇ ಸಲಕ್ಕೆ ಸಾವಿರಕ್ಕೂ ಮಿಕ್ಕ ಜನರಿಗೆ ಸುಳ್ಳನ್ನು ಮುಟ್ಟಿಸಲು ಐದರ ಮಿತಿಯೂ ಸಾಕಾಗಿದ್ದಿತು.

ಇನ್ನು ನಮ್ಮ ಅರಿಕೆ. ಆ ವರ್ಷ ಬೇಸಗೆಯ ರಜ ಮುಗಿದು ಶಾಲೆಗಳು ಪ್ರಾರಂಭವಾದ ಹೊಸತು. ಒಂದು ರಾತ್ರಿ ಊಟವಾದ ಮೇಲೆ ನಮ್ಮ ಮೊಬೈಲಿಗೆ ಸಂದೇಶವೊಂದು ಬಂದಿತು: ಉತ್ತರ ದೇಶದಿಂದ ಮಕ್ಕಳ ಕಳ್ಳರ ತಂಡವು ಕಡೂರಿನ ಕಡೆಗೆ ಇಳಿದಿದೆ, ಪಾತ್ರೆ ಮಾರುವವರ ವೇಷದಲ್ಲಿ ತಿರುಗುತ್ತಿದೆ ಎಂದು. ಕಳುಹಿಸಿದವರು ನಮ್ಮ ಷಡ್ಡಕರು, ಸುಳ್ಳಾಡುವ ಜನರಲ್ಲ. ನಾವು ಒಂದು ಕ್ಷಣವೂ ಯೋಚಿಸಲಿಲ್ಲ. ಮಕ್ಕಳ ಕ್ಷೇಮವೆಂಬ ಒಂದೇ ಬುದ್ಧಿಯಿಂದ ಅದನ್ನು ಶಾಲೆಯ ಪೋಷಕರ ಗ್ರೂಪಿಗೂ ಇನ್ನೆರಡು ಗ್ರೂಪುಗಳಿಗೂ ಒತ್ತಿ, ಕರ್ತವ್ಯ ಮಾಡಿದ ತೃಪ್ತಿಯಿಂದ ನಿದ್ರೆ ಮಾಡಿದೆವು. ಎರಡು ದಿನಗಳ ಮೇಲೆ ಅದೇ ಸಂದೇಶವು ತರೀಕೆರೆಯ ಹೆಸರಿನಲ್ಲಿಯೂ, ಮತ್ತೆ ನಾಲ್ಕು ದಿನಗಳಿಗೆ ಅಜ್ಜಂಪುರದ ಹೆಸರಿನಲ್ಲಿಯೂ ನಮಗೇ ಮರಳಿ ಬಂದಿತು. ಒಂದಕ್ಷರವೂ ವ್ಯತ್ಯಾಸವಿಲ್ಲ, ಊರಿನ ಹೆಸರು ಮಾತ್ರ ಬೇರೆ. ಆಗ ನಮಗೆ ಎದೆಯಲ್ಲಿ ಸಣ್ಣದೊಂದು ಮುಳ್ಳು ಆಡಿತು.

ಅಷ್ಟರಲ್ಲಿ ಆಗಬಾರದುದು ಆಗಿಹೋಗಿದ್ದಿತು. ನಾವು ಪಾಠ ಹೇಳುತ್ತಿದ್ದ ಹಳ್ಳಿಗೆ ಹಳೆಯ ಬಟ್ಟೆಗೆ ಸ್ಟೀಲು ಪಾತ್ರೆ ಕೊಡುವ ಹೆಂಗಸೊಬ್ಬಳು ತಿಂಗಳಿಗೊಮ್ಮೆ ಬರುತ್ತಿದ್ದಳು. ಅಂದು ಆಕೆಯು ತಲೆಯ ಮೇಲಿನ ಬುಟ್ಟಿಯನ್ನು ಅರಳಿಕಟ್ಟೆಯ ಮೇಲೆ ಇಳಿಸಿದೊಡನೆ ಏಳೆಂಟು ಮಂದಿ ಹುಡುಗರು ಸುತ್ತುಗಟ್ಟಿದರು. ಒಬ್ಬನು ಬುಟ್ಟಿಯನ್ನು ಒದ್ದನು. ಮತ್ತೊಬ್ಬನು ಆಕೆಯ ತೋಳನ್ನು ಹಿಡಿದನು. ಎದುರು ಮನೆಯ ಅಜ್ಜಿಯೊಬ್ಬರು ಓಡಿಬಂದು ನಡುವೆ ನಿಂತು, "ಇವಳು ಮೂರು ವರ್ಷದಿಂದ ನಮ್ಮನೆಗೆ ಬರ್ತಿದ್ದಾಳೆ ಕಣ್ರೋ, ಬಿಡ್ರೋ ಕೈನ" ಎಂದರಂತೆ. ಅದಕ್ಕೆ ಹುಡುಗನು ಮೊಬೈಲನ್ನು ಮುಂದೆ ಹಿಡಿದು, "ಸ್ಕೂಲ್ ಮೇಷ್ಟ್ರೇ ಕಳಿಸಿದ್ದಾರಜ್ಜಿ, ಸುಳ್ಳಾಗುತ್ತಾ?" ಎಂದನಂತೆ.

ಆ ತಾಯಿಯು ಸೆರಗೊಡ್ಡಿ ನಿಂತುದರಿಂದ ಆ ಬಡಹೆಂಗಸು ಜೀವಸಹಿತ ಊರು ಬಿಟ್ಟಳು. ಮರುದಿನ ಬೆಳಗ್ಗೆ ಪ್ರಾರ್ಥನೆಯು ಮುಗಿಯುವುದರೊಳಗೆ ಅಜ್ಜಿಯು ಶಾಲೆಯ ಬಾಗಿಲಿಗೆ ಬಂದರು. ಬೈಯಲಿಲ್ಲ. "ನೀವು ಕಣ್ಣಾರೆ ಕಂಡಿದ್ರಾ, ಮೇಷ್ಟ್ರೇ?" ಎಂದು ಇಷ್ಟೇ ಕೇಳಿದರು. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದ ನಾವು ಆ ಒಂದು ಪ್ರಶ್ನೆಗೆ ಉತ್ತರ ಕೊಡಲಾರದೆ ನಿಂತೆವು. 'ಫಾರ್ವರ್ಡ್' ಎಂಬ ಗುರುತು ಆಗಿನ್ನೂ ಬಂದಿರಲಿಲ್ಲವಾಗಿ, ಓದಿದವರೆಲ್ಲರೂ ಅದನ್ನು ನಮ್ಮ ಸ್ವಂತ ಮಾತೆಂದೇ ತಿಳಿದಿದ್ದರು.

ನಾವು ವಿದ್ಯಾರ್ಥಿದಶೆಯಲ್ಲಿ ನ್ಯಾಯಶಾಸ್ತ್ರದ ಪ್ರಥಮ ಪಾಠಗಳನ್ನು ಓದುವಾಗ ಶಬ್ದಪ್ರಮಾಣವೆಂಬುದನ್ನು ಕಂಠಪಾಠ ಮಾಡಿದ್ದೆವು. ಆಪ್ತನ ಮಾತು ಪ್ರಮಾಣ. ಆಪ್ತನೆಂದರೆ ಯಾರು? ವಿಷಯವನ್ನು ಇದ್ದುದು ಇದ್ದಂತೆ ಬಲ್ಲವನು ಮತ್ತು ಬಲ್ಲುದನ್ನು ಬಲ್ಲಂತೆಯೇ ಹೇಳುವವನು. ಎರಡು ಲಕ್ಷಣಗಳೂ ಕೂಡಿರಬೇಕು. ಕನ್ನಡದಲ್ಲಿಯಾದರೋ ಆಪ್ತನೆಂದರೆ ನಮಗೆ ಬೇಕಾದವನು, ಹತ್ತಿರದವನು. ಮೊಬೈಲಿನಲ್ಲಿ ಈ ಎರಡು ಅರ್ಥಗಳೂ ಕಲಸಿಹೋಗಿವೆ. ನಮ್ಮ ಷಡ್ಡಕರು ಕನ್ನಡದ ಅರ್ಥದಲ್ಲಿ ಆಪ್ತರು. ಶಾಸ್ತ್ರದ ಅರ್ಥದಲ್ಲಿ ಆ ವಿಷಯಕ್ಕೆ ಆಪ್ತರಲ್ಲ, ಏಕೆಂದರೆ ಅವರೂ ಏನನ್ನೂ ಕಂಡವರಲ್ಲ. ಅವರಿಗೆ ಮತ್ತೊಬ್ಬ ಆಪ್ತರು, ಅವರಿಗೆ ಇನ್ನೊಬ್ಬರು. ಕುರುಡನ ಕೈಯನ್ನು ಕುರುಡನು ಹಿಡಿದು ಸಾಲುಗಟ್ಟಿ ನಡೆದಂತೆ, ಇದು ಅಂಧಪರಂಪರೆ. ಕಟ್ಟಕಡೆಗೆ ಆ ಸಾಲಿನ ಮುಂದೆ ನಿಂತು ಹುಡುಗರನ್ನು ಹಳ್ಳಕ್ಕೆ ನಡೆಸಿದವರು, ಶಾಸ್ತ್ರ ಓದಿದ ನಾವೇ.

ಇಂತಹ ಪರಂಪರೆಯು ಹೊಸದೂ ಅಲ್ಲ. ನಮ್ಮ ಬಾಲ್ಯದಲ್ಲಿ ಮನೆಗೆ ಪೋಸ್ಟ್‌ಕಾರ್ಡುಗಳು ಬರುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ದೇವರ ಹೆಸರನ್ನು ಮೇಲೆ ಬರೆದು, ಈ ಕಾರ್ಡನ್ನು ಹನ್ನೊಂದು ಮಂದಿಗೆ ಬರೆದು ಕಳುಹಿಸಿದರೆ ಐಶ್ವರ್ಯ, ಉದಾಸೀನ ಮಾಡಿದರೆ ಅನಿಷ್ಟ ಎಂದು ಹೆದರಿಸುತ್ತಿದ್ದರು. ನಮ್ಮ ತಾಯಿಯವರು ಹೆದರಿ ನಮ್ಮಿಂದ ಬರೆಯಿಸಿದರು. ನಾಲ್ಕನೆಯ ಕಾರ್ಡಿಗೆ ಕೈ ಸೋತಿತು. ಉಳಿದ ಕಾರ್ಡುಗಳಿಗೆ ಕಾಸು ಕೊಡಲು ತಂದೆಯವರು ಒಪ್ಪಲಿಲ್ಲ. ಅಲ್ಲಿಗೆ ಆ ಸರಪಣಿಯು ನಮ್ಮ ಮನೆಯಲ್ಲಿ ಕಡಿಯಿತು. ತಂತಿಯ ಕಾಲದಲ್ಲಿ ಶಬ್ದಕ್ಕಿಷ್ಟೆಂದು ಹಣ ತೆರಬೇಕಾಗಿದ್ದುದರಿಂದ ಪ್ರತಿಯೊಂದು ಶಬ್ದವನ್ನೂ ತೂಗಿ ಬರೆಯುತ್ತಿದ್ದರು. ಆ ತಂತಿಯೂ 2013ರ ಜುಲೈ 15ರಿಂದ ನಿಂತುಹೋಯಿತು. ಕೈಯ ನೋವೂ ಕಾಸಿನ ಖರ್ಚೂ ನಮಗೆ ಅರಿವಿಲ್ಲದಂತೆಯೇ ನಮ್ಮ ನಾಲಗೆಗೆ ಕಡಿವಾಣವಾಗಿದ್ದುವು. ಮೊಬೈಲು ಎರಡನ್ನೂ ಕಳೆದುಬಿಟ್ಟಿತು. ಐದರ ಮಿತಿಯು ಹಿಂದಕ್ಕೆ ತಂದುದು ಆ ಕೈನೋವಿನ ಒಂದಂಶವನ್ನು ಮಾತ್ರ.

ಹಾಗೆಂದು ಕಂಪನಿಗಳು ಕಿತ್ತುಕೊಂಡುದೆಲ್ಲವೂ ಲೋಕೋಪಕಾರವೆಂದು ವಾಚಕರು ಭಾವಿಸಬಾರದು. ಯೂಟ್ಯೂಬಿನಲ್ಲಿ ಒಬ್ಬರು ಹಾಕಿದ ವೀಡಿಯೊಗೆ ಇತರರು ತಾವಾಗಿಯೇ ಮಾತಿನ ಸಾಲುಗಳನ್ನು ಬರೆದು ಸೇರಿಸುವ, ಬೇರೆ ಭಾಷೆಗೆ ತಿರುಗಿಸಿ ಸೇರಿಸುವ ಸೌಕರ್ಯವೊಂದಿದ್ದಿತು. ಕಿವುಡರಿಗೂ ಪರಭಾಷೆಯವರಿಗೂ ಅದು ಕಣ್ಣಿನ ಮೂಲಕ ಒದಗಿದ ಕಿವಿ. ಬಳಸುವವರು ಅತ್ಯಲ್ಪ, ದುರುಪಯೋಗ ಹೆಚ್ಚು ಎಂದು ಹೇಳಿ ಕಂಪನಿಯು 2020ರ ಸೆಪ್ಟೆಂಬರ್ 28ರಿಂದ ಅದನ್ನು ನಿಲ್ಲಿಸಿತು. ಐದು ಲಕ್ಷಕ್ಕೂ ಮಿಕ್ಕು ಜನರು ಬೇಡವೆಂದು ಮನವಿಗೆ ಸಹಿ ಮಾಡಿದರು. ಅದನ್ನು ಬಳಸುತ್ತಿದ್ದ ಕೆಲವು ವೀಡಿಯೊಕಾರರಿಗೆ ಬೇರೊಂದು ಸಂಸ್ಥೆಯ ಸೇವೆಯನ್ನು ಆರು ತಿಂಗಳ ಮಟ್ಟಿಗೆ ಕೊಡಿಸಿದುದು ಹೊರತು ಕಂಪನಿಯು ಕದಲಲಿಲ್ಲ. ಬಳಸುವವರು ಅಲ್ಪವೆಂಬುದು ನಿಜವಿರಬಹುದು; ಊರಿನಲ್ಲಿ ಊರುಗೋಲು ಹಿಡಿಯುವವರೂ ಅಲ್ಪವೇ. ಅದಕ್ಕಾಗಿ ಊರುಗೋಲನ್ನು ಕಿತ್ತುಕೊಳ್ಳುವುದುಂಟೆ?

ಮತ್ತೊಂದು ದೃಷ್ಟಾಂತ. ವೀಡಿಯೊ ಮೆಚ್ಚಿಗೆಯಾಗದವರು ಒತ್ತುವ ಗುಂಡಿಯ ಪಕ್ಕದಲ್ಲಿ ಹಾಗೆ ಒತ್ತಿದವರ ಸಂಖ್ಯೆಯು ಎಲ್ಲರಿಗೂ ಕಾಣುತ್ತಿದ್ದಿತು. 2021ರ ನವೆಂಬರಿನಲ್ಲಿ ಯೂಟ್ಯೂಬು ಆ ಸಂಖ್ಯೆಯನ್ನು ಮರೆಮಾಡಿತು. ಗುಂಡಿಯು ಈಗಲೂ ಇದೆ. ಲೆಕ್ಕವು ವೀಡಿಯೊ ಹಾಕಿದವನಿಗೆ ಮಾತ್ರ ಗೋಚರ. ಚಿಕ್ಕಪುಟ್ಟವರನ್ನು ಗುಂಪುಕಟ್ಟಿ ಅವಮಾನಿಸುವುದನ್ನು ತಡೆಯಲು ಹೀಗೆ ಮಾಡಿದೆವೆಂದು ಕಂಪನಿಯ ಸಮಾಧಾನ. 2005ರಲ್ಲಿ ಅಲ್ಲಿ ಮೊಟ್ಟಮೊದಲ ವೀಡಿಯೊವನ್ನು ಹಾಕಿದ, ಸಂಸ್ಥಾಪಕರಲ್ಲೊಬ್ಬರಾದ ಜಾವೇದ್ ಕರೀಮರೇ ಅದೇ ವೀಡಿಯೊದ ಕೆಳಗೆ ತಮ್ಮ ವಿರೋಧವನ್ನು ಬರೆದು ಪ್ರಕಟಿಸಿದರು. ನಮ್ಮ ಕಡೂರಿನ ತೆಂಗಿನ ತೋಟದ ಮಿತ್ರರೂ ಬಹಳ ನೊಂದುಕೊಂಡರು. ತೆಂಗಿನ ನುಸಿರೋಗಕ್ಕೆ ಔಷಧವೆಂದು ಹತ್ತು ಮಂದಿ ಹತ್ತು ವಿಧವಾಗಿ ಹೇಳುವ ವೀಡಿಯೊಗಳಲ್ಲಿ ಯಾವುದು ಟೊಳ್ಳೆಂಬುದನ್ನು ಆ ಸಂಖ್ಯೆಯಿಂದಲೇ ಅವರು ಮೊದಲು ಊಹಿಸುತ್ತಿದ್ದರು. ಅವರ ಕೋಪದಲ್ಲಿ ನ್ಯಾಯವಿದೆ. ಕಂಪನಿಯ ಮಾತಿನಲ್ಲಿಯೂ ಸ್ವಲ್ಪ ಹುರುಳಿದೆ.

ಜನರ ಕೂಗಿಗೆ ಫಲವೇ ಇಲ್ಲವೆಂದೂ ಅಲ್ಲ. ಸ್ನೇಹಿತರ ಚಿತ್ರಗಳನ್ನು ನೋಡಲು ಬಂದವರಿಗೆ ಪರದೆಯ ತುಂಬ ಅಪರಿಚಿತರ ವೀಡಿಯೊಗಳನ್ನೇ ಬಡಿಸತೊಡಗಿದ ಇನ್‌ಸ್ಟಾಗ್ರಾಂ, ಬಳಸುವವರು ಎದ್ದು ಕೂಗಿದ ಮೇಲೆ 2022ರ ಜುಲೈ ಕೊನೆಯಲ್ಲಿ ಆ ಪ್ರಯೋಗವನ್ನು ಹಿಂದಕ್ಕೆ ತೆಗೆದುಕೊಂಡಿತು.

ಹೀಗಿರಲಾಗಿ, ಒಂದು ಸೌಕರ್ಯವು ತಪ್ಪಿದಾಗ ಕೋಪಿಸಿಕೊಳ್ಳುವುದಕ್ಕೆ ಮೊದಲು ಗೃಹಸ್ಥನು ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳುವುದು ಒಳ್ಳೆಯದೆಂದು ನಮಗೆ ತೋರುತ್ತದೆ. ಮೊದಲನೆಯದು: ಆ ಸೌಕರ್ಯದಿಂದ ಲಾಭ ಯಾರಿಗೆ, ನಷ್ಟ ಯಾರಿಗೆ? ಎರಡನೆಯದು: ಕಳೆದುದಕ್ಕೆ ಬದಲಾಗಿ ನ್ಯಾಯವಾದ ಬೇರೆ ದಾರಿಯನ್ನು ಉಳಿಸಿರುವರೋ ಇಲ್ಲವೋ? ಮೂರನೆಯದು: ಕಾರಣವನ್ನು ಬಿಚ್ಚಿ ಹೇಳಿರುವರೋ? ಕಿವುಡರ ಸೌಕರ್ಯವನ್ನು ಕಿತ್ತುಕೊಂಡಾಗ ನಷ್ಟವು ದುರ್ಬಲರಿಗೆ, ಉಳಿಸಿದ ದಾರಿಯು ಆರು ತಿಂಗಳಿನದು. ಅಲ್ಲಿ ಕೋಪವೇ ಧರ್ಮ. ಫಾರ್ವರ್ಡಿನ ವಿಷಯದಲ್ಲಿಯಾದರೋ ಲಾಭವು ಒತ್ತುವ ನಮಗೆ. ನಷ್ಟವು ಬುಟ್ಟಿ ಹೊತ್ತ ಆ ಹೆಂಗಸಿಗೆ. ಆಕೆಯ ಬಳಿ ಮೊಬೈಲೇ ಇರಲಿಲ್ಲ. ತಾನು ಯಾವ ಊರಿನಲ್ಲಿ ಕಳ್ಳಿಯಾಗಿದ್ದೇನೆಂಬುದನ್ನು ತಿಳಿಯುವ ಉಪಾಯವೂ ಆಕೆಗಿರಲಿಲ್ಲ. ಇದ್ದ ಬೇರೆ ದಾರಿಯನ್ನು ಯಾರೂ ಮುಚ್ಚಿರಲೂ ಇಲ್ಲ. ತಾನೇ ಬರೆದ ಮಾತನ್ನು 'ಬ್ರಾಡ್‌ಕಾಸ್ಟ್' ಪಟ್ಟಿ ಮಾಡಿ ಅನೇಕರಿಗೆ ಒಟ್ಟಿಗೆ ಕಳುಹಿಸಲು ಆಗಲೂ ಅವಕಾಶವಿದ್ದಿತು. ನಮ್ಮ ತೋಟದ ಮಿತ್ರರು ಅದನ್ನು ಕಲಿತು, ಕೊಬ್ಬರಿಯ ಧಾರಣೆಯನ್ನು ತಾವೇ ವಿಚಾರಿಸಿ, ತಾವೇ ಬರೆದು ಕಳುಹಿಸತೊಡಗಿದರು. ಮೊದಲಿಗಿಂತ ಈಗ ರೈತರಿಗೆ ಅವರ ಮಾತಿನಲ್ಲಿ ನಂಬಿಕೆ ಹೆಚ್ಚು.

2020ರ ಏಪ್ರಿಲಿನಲ್ಲಿ, ಕೊರೋನಾ ಕಾಲದ ಸುಳ್ಳುಮದ್ದುಗಳ ಹಾವಳಿಯ ನಡುವೆ, ಐದು ಕೈಗಳನ್ನು ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳುಹಿಸಬಹುದೆಂದು ಕಂಪನಿಯು ಮತ್ತಷ್ಟು ಬಿಗಿಮಾಡಿತು. ಅಂತಹ ಸಂದೇಶಗಳು ಅನಂತರ ನೂರಕ್ಕೆ 70ರಷ್ಟು ಇಳಿದುವೆಂದು ಹೇಳಿಕೊಂಡಿತು. ಇದು ಕಂಪನಿಯವರೇ ಕೊಟ್ಟ ಲೆಕ್ಕವೆಂಬುದನ್ನು ನೆನಪಿಡಬೇಕು. ಹಲವು ಜೀವಗಳು ಹೋದ ಮೇಲೆ, ಸರ್ಕಾರವು ಎರಡು ಬಾರಿ ಎಚ್ಚರಿಸಿದ ಮೇಲೆ ಈ ಬುದ್ಧಿಯು ಬಂದಿತೆಂಬುದನ್ನೂ ಮರೆಯಬಾರದು.

ನಮ್ಮ ಮನೆಯಲ್ಲಿ ಈಗೊಂದು ಪದ್ಧತಿಯಿದೆ. ಯಾರಾದರೂ ಏನನ್ನಾದರೂ ಮುಂದಕ್ಕೆ ಕಳುಹಿಸಲು ಹೊರಟರೆ ಉಳಿದವರು ಅಜ್ಜಿಯ ಪ್ರಶ್ನೆಯನ್ನು ಕೇಳಬೇಕು. ನಮ್ಮ ಮನೆಯಾಕೆಯಂತೂ ನಮ್ಮನ್ನು ಒಂದು ಸಲವೂ ಬಿಟ್ಟವಳಲ್ಲ. ಉತ್ತರವು 'ಇಲ್ಲ' ಎಂದಾದರೆ ಸಂದೇಶವು ಅಲ್ಲಿಯೇ ನಿಲ್ಲುತ್ತದೆ. ಹೀಗೆ ನಿಂತುವುಗಳೇ ಹೆಚ್ಚು.

ಆ ಪಾತ್ರೆಯ ಹೆಂಗಸನ್ನು ಕಂಡು ಕ್ಷಮೆ ಕೇಳಬೇಕೆಂದು ನಾವು ಎರಡು ಮೂರು ಸಂತೆಗಳಲ್ಲಿ ಹುಡುಕಿದೆವು. ಬೀರೂರಿನ ಕಡೆ ಕಂಡಳೆಂದು ಒಬ್ಬರು ಹೇಳಿದರು. ಹೋಗಿ ನೋಡಿದರೆ ಆಕೆ ಬೇರೆಯವಳು. ನಾವು ನಿವೃತ್ತರಾಗುವವರೆಗೂ ಆಕೆಯು ಆ ಹಳ್ಳಿಗೆ ಮತ್ತೆ ಬರಲಿಲ್ಲ. ಅಜ್ಜಿಯ ಮನೆಯ ಅಟ್ಟದಲ್ಲಿ ಹಳೆಯ ಬಟ್ಟೆಯ ಗಂಟೊಂದು ಆಕೆಗಾಗಿ ಬಹುಕಾಲ ಹಾಗೆಯೇ ಇದ್ದಿತು.